ರೈಟರ ಪುಸ್ತಕದ ಊಟ

ಕೂಡ್ಲೂರಿನ ಕ್ಯೂರಿಂಗ್ ಶೆಡ್ಡಿನಲ್ಲಿ ನಾನು ರೈಟರು.
ಹನ್ನೊಂದು ವರ್ಷದಿಂದ ದಿನಾ ಒಂದೇ ಸಾಲು:
ಊಟದ ಬಿಡುವು, ಒಂದರಿಂದ ಒಂದೂವರೆ.
ನಲವತ್ತೆರಡು ಹೆಸರು, ನಲವತ್ತೆರಡು ಅರ್ಧ ಗಂಟೆ.
ಬೆಳಿಗ್ಗೆ ಎಂಟೂವರೆಗೇ ಬರೆದು ಮುಗಿಸುತ್ತಿದ್ದೆ,
ಮಧ್ಯಾಹ್ನ ಲಾರಿ ಬರುವ ಹೊತ್ತು, ನನಗೆ ಬಿಡುವಿರುವುದಿಲ್ಲವೆಂದು.

ಬೆಲ್ಟು ಓಡುತ್ತದೆ. ಎರಡೂ ಬದಿ ಹೆಂಗಸರು,
ಬೆರಳ ತುದಿಯಲ್ಲಿ ಕಣ್ಣಿಟ್ಟುಕೊಂಡವರು.
ಕಪ್ಪು ಬೀಜ ಆಚೆ, ಹುಳ ಕೊರೆದದ್ದು ಆಚೆ,
ಒಡೆದ ಹೋಳು, ಕಿವಿಯಂತೆ ಮುರುಟಿದ್ದು ಆಚೆ.
ಹೊಟ್ಟು ಹಾರಿ ರೆಪ್ಪೆಗೆ, ಮೂಗುತಿಗೆ, ಕತ್ತಿನ ಬೆವರಿಗೆ ಮೆತ್ತುತ್ತದೆ.

ಹೊರದೇಶಕ್ಕೆ ಹೋಗುವ ಮಾಲು, ಬೆಲ್ಟು ನಿಲ್ಲಕೂಡದು,
ಅನ್ನುತ್ತಾರೆ ಮ್ಯಾನೇಜರು ಪಳಂಗಪ್ಪ.
ಹಾಗಾಗಿ ಊಟ ಸರದಿಯ ಮೇಲೆ. ಇಬ್ಬಿಬ್ಬರು, ಹತ್ತು ನಿಮಿಷ,
ನಲ್ಲಿಯ ಹತ್ತಿರ, ಕುಕ್ಕುರುಗಾಲಲ್ಲಿ.
ಪಕ್ಕದವಳ ಕೈ ಎರಡು ಜಾಗಕ್ಕೂ ಓಡಬೇಕು,
ಅವಳಿಗೆ ಕಷ್ಟವಾದೀತೆಂದು ಇವಳು ಅಗಿಯದೆ ನುಂಗುತ್ತಾಳೆ.

ಕಾಯಿದೆ ಗೋಡೆಯ ಮೇಲಿದೆ, ಇಲ್ಲವೆಂದಲ್ಲ.
ಕನ್ನಡದಲ್ಲೇ ಇದೆ, ಗಾಜಿನ ಚೌಕಟ್ಟಿನೊಳಗೆ:
ಐದು ಗಂಟೆಗಿಂತ ಹೆಚ್ಚು ಎಡೆಬಿಡದೆ ದುಡಿಸತಕ್ಕದ್ದಲ್ಲ,
ಅರ್ಧ ಗಂಟೆಗೆ ಕಡಿಮೆಯಿಲ್ಲದ ವಿರಾಮ ಕೊಡತಕ್ಕದ್ದು.
ಅದರ ಮೇಲೆ ಸಹಕಾರ ಸಂಘದ ಕ್ಯಾಲೆಂಡರು.
ಹುತ್ತರಿ ಯಾವತ್ತು ಎಂದು ನೋಡಲು ಬಂದವರಿಗೆ
ಕೆಳಗಡೆ 'ಕೊಡತಕ್ಕದ್ದು' ಒಂದೇ ಇಣುಕುತ್ತದೆ.

ಒಂದು ಶನಿವಾರ, ಬಟವಾಡೆಯ ದಿನ,
ಹೆಬ್ಬಾಲೆಯ ಸಣ್ಣತಾಯಿ
ಹೆಬ್ಬೆಟ್ಟು ಒತ್ತಿ, ಶಾಯಿ ತಲೆಗೂದಲಿಗೆ ಒರೆಸಿಕೊಂಡು ಕೇಳಿದಳು:
"ರೈಟ್ರೇ, ನಿಮ್ಮ ಪುಸ್ತಕದಲ್ಲಿ ನಾನು ನಿನ್ನೆ ಉಂಡೆನಾ?"
"ಉಂಡಿದ್ದೀಯ."
"ಎಷ್ಟು ಹೊತ್ತು?"
"ಅರ್ಧ ಗಂಟೆ."
"ಏನು ಉಂಡೆ, ಅದನ್ನೂ ಬರೆದಿದ್ದೀರಾ?
ನಾಲ್ಕು ಚೂರು ಹಂದಿ ಸಾರು ಬರೆದುಬಿಡಿ, ಬರೆಯೋಕೇನು ದುಡ್ಡಾ?"
ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.
ಆ ನಗು ಬಸವನಹಳ್ಳಿಯ ತಿರುವಿನವರೆಗೂ
ಸೈಕಲ್ಲಿನ ಹಿಂದೆ ಕೂತು ಬಂತು,
ಅಲ್ಲಿಯೂ ಇಳಿಯಲಿಲ್ಲ.

ರಾತ್ರಿ ಲೆಕ್ಕ ಹಾಕಿದೆ, ಬರುವುದು ಅದೊಂದೇ.
ದಿನಕ್ಕೆ ಇಪ್ಪತ್ತು ನಿಮಿಷ. ವರ್ಷಕ್ಕೆ ನೂರು ಗಂಟೆ.
ಹನ್ನೊಂದು ವರ್ಷಕ್ಕೆ ಸಾವಿರದ ನೂರು.
ನಲವತ್ತೆರಡರಿಂದ ಗುಣಿಸಹೋದಾಗ
ಹೆಂಡತಿ ದೀಪ ಆರಿಸೆಂದಳು.

ಸೋಮವಾರ ಆ ಕಾಲಂ ಖಾಲಿ ಬಿಟ್ಟೆ.
ಮಧ್ಯಾಹ್ನ ನಲ್ಲಿಯ ಹತ್ತಿರ ವಾಚು ನೋಡುತ್ತಾ ನಿಂತೆ.
ಐಸಾಬಿ: ಒಂದೂ ನಾಲ್ಕರಿಂದ ಒಂದೂ ಹದಿಮೂರು.
ಸಣ್ಣತಾಯಿ: ಎಂಟು ನಿಮಿಷ. ಅರ್ಧ ರೊಟ್ಟಿ ಮತ್ತೆ ಡಬ್ಬಿಗೆ.
ಸೆಲ್ವಮೇರಿ, ಏಳು ತಿಂಗಳ ಬಸುರಿ: ಇಲ್ಲ.
ಅವಳ ಸರದಿಗೆ ಲಾರಿ ಬಂತು.

ಪಳಂಗಪ್ಪ ಪುಸ್ತಕ ತಿರುವಿದರು. ಬೈಯಲಿಲ್ಲ.
ಕಾಫಿ ತರಿಸಿದರು, ನನಗೂ ಒಂದು ಲೋಟ.
"ಇನ್ಸ್‌ಪೆಕ್ಟರ್ ಬಂದರೆ ಇದನ್ನೇ ತೋರಿಸುತ್ತೀಯಾ?"
"ಇರುವುದೇ ಇದು, ಸಾರ್."
ಲೋಟದ ಕಾಫಿ ಕೆನೆಗಟ್ಟುವವರೆಗೂ
ಇಬ್ಬರೂ ಅದನ್ನೇ ನೋಡುತ್ತ ಕೂತೆವು.

ಮರುದಿನ ಒಂದಕ್ಕೆ ಬೆಲ್ಟು ನಿಂತಿತು.
ಎಷ್ಟು ದಿನ ಹೀಗೆ, ಗೊತ್ತಿಲ್ಲ.
ಯಾರಿಗೂ ಸರಿಯಾಗಿ ಉಣ್ಣಲಾಗಲಿಲ್ಲ;
ಸದ್ದಡಗಿದ ಶೆಡ್ಡಿನಲ್ಲಿ ಅಗಿಯುವ ಸದ್ದಿಗೇ ನಾಚಿಕೆ.
ಹನ್ನೆರಡು ನಿಮಿಷಕ್ಕೆ ಕೈ ತೊಳೆದು ನಿಂತರು.
ಇನ್ನೂ ಹದಿನೆಂಟು ಉಳಿದಿದೆ, ಎಂದೆ.
ಅದನ್ನೇನು ಮಾಡುವುದು?
ಸೆಲ್ವಮೇರಿ ಗೋಣಿಚೀಲಕ್ಕೆ ಒರಗಿ ಕಾಲು ಚಾಚಿದಳು.
ಐಸಾಬಿ ಕ್ಯಾಲೆಂಡರು ಸರಿಸಿ
ಅಕ್ಷರಕ್ಕೆ ಅಕ್ಷರ ಕೂಡಿಸಿ ಓದತೊಡಗಿದಳು.
ಸಣ್ಣತಾಯಿಯ ಬೆರಳು
ನಿಂತ ಬೆಲ್ಟಿನ ಮೇಲೂ ಕಪ್ಪು ಬೀಜ ಹುಡುಕುತ್ತಿತ್ತು.
ತಿಳಿದೊಡನೆ ಕೈಯನ್ನು ಮಡಿಲೊಳಗೆ ಮುಚ್ಚಿಟ್ಟಳು.

ನನ್ನ ಹೆಸರಿಗೆ ಆ ಪುಸ್ತಕದಲ್ಲಿ ಊಟದ ಕಾಲಂ ಇಲ್ಲ.
ಡಬ್ಬಿ ತೆರೆದೆ. ನೂಪುಟ್ಟು ತಣ್ಣಗಾಗಿತ್ತು.
"ರೈಟ್ರೇ, ಇವತ್ತು ಏನು ಬರೆದುಕೊಂಡ್ರಿ?"
ಸಣ್ಣತಾಯಿ ಅಲ್ಲಿಂದಲೇ ಕೂಗಿದಳು.
ಬಾಯಿ ತುಂಬಿತ್ತು,
ಉತ್ತರಿಸಲಾಗಲಿಲ್ಲ.